ಏಣಿಯ ಸಕ್ಕರೆ

ನಮ್ಮೂರಿನ ಜನಕ್ಕೆ ಹೇಳಿ ಹೇಳಿ ನನ್ನ ಬಾಯಿ ಸವೆದುಹೋಗಿದೆ. ಬಣ್ಣ ಹೊಡೆದ ಬಾಗಿಲು ತರಬೇಡಿ, ಮೊಳೆ ಕೀಳದೆ ಮಂಚದ ಕಾಲು ತರಬೇಡಿ, ಗೆದ್ದಲು ತಿಂದು ಬಿಟ್ಟ ತೊಲೆ ತಂದಿಳಿಸಿ "ಇದ್ರಲ್ಲಿ ಎಷ್ಟು ಸಕ್ಕರೆ ಬರ್ತದೆ ಚಿಕ್ಕೀರಮ್ಮ" ಎಂದು ಕೇಳಬೇಡಿ. ಗೆದ್ದಲು ಹತ್ತಿದ ಮೇಲೆ ಏನು ಬರುತ್ತದೆ, ಮಣ್ಣು? ಇದ್ದಬದ್ದ ಸಿಹಿಯನ್ನೆಲ್ಲ ಅದು ಆಗಲೇ ತಿಂದು ತೇಗಿಯಾಗಿದೆ. ಆದರೆ ಕೇಳುವವರು ಯಾರು? ಇವತ್ತು ಬೆಳಿಗ್ಗೆಯೂ ಒಬ್ಬ ಮಹಾನುಭಾವ ಹಸಿ ಮಾವಿನ ಕೊಂಬೆ ಹೊತ್ತುಕೊಂಡು ಬಂದಿದ್ದ. ಹಸಿಮರ ಆಗುವುದಿಲ್ಲ, ಮನುಷ್ಯರ ಕೈಯಲ್ಲಿ ಸವೆದ ಮರವೇ ಆಗಬೇಕು ಅನ್ನುವುದು ನಮ್ಮೂರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅವನಿಗೆ ಗೊತ್ತಿಲ್ಲ.

ಕಬ್ಬು ನಮ್ಮ ಮಣ್ಣಿಗೆ ಹತ್ತುವುದಿಲ್ಲ. ಹಾಗಾಗಿ ಊರಿಗೆ ಬೇಕಾದ ಸಿಹಿಯೆಲ್ಲ ನನ್ನ ಪಾಕದ ಮನೆಯಿಂದಲೇ ಹೋಗಬೇಕು. ಮರವನ್ನು ಚಕ್ಕೆ ಮಾಡಿ, ಬೂದಿ ಮತ್ತು ಸುಣ್ಣದ ಕಾರದ ನೀರಿನಲ್ಲಿ ಬೇಯಿಸಬೇಕು. ಮರದೊಳಗಿನ ಸಿಹಿಯನ್ನು ಬಿಗಿಯಾಗಿ ಹಿಡಿದುಕೊಂಡಿರುವ ಕಂದು ಅಂಟೊಂದು ಇರುತ್ತದೆ. ಅದು ಬಿಟ್ಟುಕೊಟ್ಟು ಕಪ್ಪು ನೀರಾಗಿ ಹರಿದುಹೋಗುವವರೆಗೆ ಒಲೆಯ ಮುಂದೆ ಸಾಯಬೇಕು. ಆಮೇಲೆ ತೊಳೆಯುವ ಕೆಲಸ. ಚಿಟಿಕೆ ಅರಿಶಿನ ಹಾಕಿದರೆ ತೊಳೆದ ನೀರು ಕೆಂಪಾಗಬಾರದು. ಕೆಂಪಾಯಿತೋ, ಕಾರ ಉಳಿದಿದೆ ಎಂದು ಅರ್ಥ, ಇನ್ನೂ ತೊಳೆಯಬೇಕು. ಕಾರ ಉಳಿದರೆ ಹೆಪ್ಪು ಸಾಯುತ್ತದೆ. ಹೆಪ್ಪು ಅಂದರೆ ಮೊಸರಿನದಲ್ಲ, ತೌಡಿನ ಮೇಲೆ ನಾವು ಬೆಳೆಸುವ ಹಸಿರು ಬೂಷ್ಟಿನಿಂದ ಇಳಿಸಿದ ನೀರು. ಅದನ್ನು ಬೆಂದ ನಾರಿನ ಮುದ್ದೆಗೆ ಬೆರೆಸಿ, ಒಂದಿಷ್ಟು ಹುಣಿಸೆ ನೀರು ಬಿಟ್ಟು, ಬೆರಳದ್ದಿದರೆ ಹಿಂದಕ್ಕೆ ತೆಗೆಯಬೇಕು ಅನ್ನಿಸುವಷ್ಟು ಬಿಸಿಯಲ್ಲಿ ಕಾಯುತ್ತಾ ಕೂರಬೇಕು. ಬಿಸಿ ಹೆಚ್ಚಾದರೆ ಸಾಯುತ್ತದೆ, ತಣ್ಣಗಾದರೆ ಮಲಗಿಬಿಡುತ್ತದೆ. ನನ್ನ ಅತ್ತೆಯನ್ನು ನೋಡಿಕೊಳ್ಳುವುದೂ ಇಷ್ಟು ಕಷ್ಟವಿರಲಿಲ್ಲ. ಎಲ್ಲ ಸರಿಹೋದರೆ ಮುದ್ದೆ ಕರಗಿ ಸಿಹಿನೀರಾಗುತ್ತದೆ, ಅದನ್ನು ಸೋಸಿ ಕುದಿಸಿ ಇಂಗಿಸಿದರೆ ಸಕ್ಕರೆ. ಇಷ್ಟೆಲ್ಲ ಮಾಡಿ ಕೈಗೆ ಕೊಟ್ಟರೆ, "ಸ್ವಲ್ಪ ಬೆಳ್ಳಗಿದ್ದಿದ್ರೆ ಚೆನ್ನಾಗಿತ್ತು" ಎಂದು ಮೂತಿ ತಿರುಗಿಸುವವರೇ ಜಾಸ್ತಿ.

ಮರಕ್ಕೆ ಯಾವ ಅಭ್ಯಾಸವೋ ಸಕ್ಕರೆಗೂ ಅದೇ ಅಭ್ಯಾಸ. ಬಾಗಿಲಿನ ಸಕ್ಕರೆ ತಿಂದವರು ಗಳಿಗೆಗೊಮ್ಮೆ ಎದ್ದು ಯಾರು ಬಂದರು ಎಂದು ನೋಡುತ್ತಾರೆ. ಶಾಲೆಯ ಬೆಂಚಿನದು ತಿಂದರೆ ಆಕಳಿಕೆಯೋ ಆಕಳಿಕೆ. ತೊಟ್ಟಿಲಿನ ಸಕ್ಕರೆಗೆ ಎಳೆಮಕ್ಕಳ ತಾಯಂದಿರು ಸಾಲು ನಿಲ್ಲುತ್ತಾರೆ. ಒನಕೆಯ ಸಕ್ಕರೆ ಹಾಕಿ ಪಾಯಸ ಮಾಡಿದ್ದ ಮನೆಯೊಂದರಲ್ಲಿ ಉಂಡವರೆಲ್ಲ ಕೈ ಮೇಲೆ ಕೆಳಗೆ ಆಡಿಸುತ್ತಾ ಕೂತಿದ್ದರು, ಬಡಿಸುವವರು ದೂರ ನಿಂತೇ ಬಡಿಸಿದರು. ಎಲೆ ಅಡಿಕೆ ಜಗಿದು ಉಗುಳುವಷ್ಟರಲ್ಲಿ ಇದೆಲ್ಲ ಇಳಿದುಹೋಗುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜವಳಿ ಅಂಗಡಿಯವನಂತೂ ಬಂದ ಗಿರಾಕಿಗೆಲ್ಲ ಕುರ್ಚಿ ಸಕ್ಕರೆಯ ಕಾಫಿ ಕೊಡುತ್ತಾನೆ, ಬೇಗ ಎದ್ದು ಹೋಗದಿರಲಿ ಅಂತ.

ತಲೆ ಕೆಡುವುದು ಗಂಡ ಹೆಂಡಿರ ಜಗಳಕ್ಕೆ ಸಕ್ಕರೆ ಮಾಡಬೇಕಾಗಿ ಬಂದಾಗ. ಇಬ್ಬರು ಕೂಡಿ ಬಾಳಲಾರೆವು ಅಂತ ಊರ ಕಟ್ಟೆಗೆ ಬಂದರೆ, ಅವರಿಬ್ಬರೂ ಸೇರಿ ಬಳಸಿದ ಒಂದು ಮರದ ಸಾಮಾನು ನನ್ನ ಒಲೆಗೆ ಬರಬೇಕು. ಅದರ ಸಕ್ಕರೆಯನ್ನು ಹಿರಿಯರ ಜೊತೆ ಕೂತು ತಿನ್ನಬೇಕು. ತಿಂದದ್ದು ಇಳಿದ ಮೇಲೆ ಸೇರುತ್ತೀನಿ ಅಂತಲೋ ಬಿಡುತ್ತೀನಿ ಅಂತಲೋ ಒಂದೇ ಮಾತು. ಬಿಟ್ಟರೆ ಬಿಟ್ಟಂತೆ, ಆಮೇಲೆ ಅತ್ತರೂ ಇಲ್ಲ, ಕರೆದರೂ ಇಲ್ಲ. ಪಾಕ ಕೂಡದೆ ಕೆಟ್ಟುಹೋದರೂ ಬಿಟ್ಟಂತೆಯೇ ಲೆಕ್ಕ. ಇನ್ನೊಂದು ಕಟ್ಟಳೆಯನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಪಾಕ ಮಾಡುವವಳು ಎರಡೂ ಕಡೆಯ ಮಾತು ಕೇಳಬಹುದು, ಆದರೆ ಸಕ್ಕರೆ ನಾಲಿಗೆಗೆ ಬೀಳುವವರೆಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ದಾಟಿಸಿದರೆ ಆ ಸಕ್ಕರೆ ನಡೆಯುವುದಿಲ್ಲ. ಬೇರೆಯವರ ಸಂಸಾರವಾದರೆ ಹೇಗೋ ಹಲ್ಲು ಕಚ್ಚಿಕೊಂಡು ಇದ್ದುಬಿಡಬಹುದು. ಈ ಸಲ ಕಟ್ಟೆ ಹತ್ತಿದವಳು ನನ್ನ ಒಡಹುಟ್ಟಿದ ತಂಗಿ ಹೊನ್ನಾಜಿ.

ಅವಳ ಗಂಡ ತೋಪಯ್ಯ ಹೆಂಚಿನ ಕೆಲಸದವನು. ಊರಿನಲ್ಲಿ ಯಾರ ಸೂರು ಸೋರಿದರೂ ಅವನೇ ಹತ್ತಬೇಕು. ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಮಾತಾಡುವವನೂ ಅಲ್ಲ, ಅದೇ ಅವನ ರೋಗ. ನನ್ನ ತಂಗಿ ಧಾರಾಳವಾಗಿ ಮಾತಾಡುತ್ತಾಳೆ, ಹೇಳಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ. ಮಳೆಗಾಲ ಮುಗಿದಾಗಿನಿಂದ ಇಬ್ಬರೂ ಮುಖ ದಪ್ಪ ಮಾಡಿಕೊಂಡು ಓಡಾಡಿದರು, ಕೊನೆಗೆ ಅವನು ಹೋಗಿ ಅಣ್ಣನ ಮನೆಯ ಜಗಲಿಯಲ್ಲಿ ಮಲಗತೊಡಗಿದ.

"ಏನಾಯ್ತೇ?" ಎಂದು ತಂಗಿಯನ್ನು ಕೇಳಿದೆ.

"ಏನೂ ಇಲ್ಲ ಕಣಕ್ಕ. ಅವ್ನಿಗೆ ನಾನು ಬೇಡ."

"ಹಂಗಂತ ಅವನಂದ್ನಾ?"

"ಅನ್ಬೇಕಾ? ನಂಗೇನು ಕಣ್ಣಿಲ್ವಾ?"

ಅವನನ್ನು ಕೇಳಿದೆ. "ನಾನು ಏನ್ಮಾಡಿದ್ರೂ ಅವ್ಳಿಗೆ ತಪ್ಪೇ ಅಕ್ಕ" ಅಂದ. ಏನು ಮಾಡಿದೆಯಪ್ಪಾ ಅಂದರೆ, "ಒಳ್ಳೇದೇ ಮಾಡ್ದೆ" ಅಂದವನು ಬಾಯಿಗೆ ಬೀಗ ಹಾಕಿಕೊಂಡ. ಇಬ್ಬರನ್ನೂ ಒಂದೇ ಕಂಬಕ್ಕೆ ಕಟ್ಟಿಹಾಕಿ ಮೈಮೇಲೆ ತಣ್ಣೀರು ಸುರಿಯಬೇಕು ಅನ್ನಿಸಿತು.

ಕಟ್ಟೆಯ ಯಜಮಾನರು ಪುಟ್ಟಮಾದಪ್ಪನವರು. ಅವರು ಸಾಮಾನು ಆರಿಸಿ ತನ್ನಿ ಎಂದರು. ಆರಿಸುವುದಕ್ಕೆ ಆ ಮನೆಯಲ್ಲಿ ಇಬ್ಬರೂ ಒಪ್ಪುವ ಒಂದು ಕಡ್ಡಿಯಾದರೂ ಇರಬೇಕಲ್ಲ! ಮಂಚ ಅಂದೆ. ಅದು ನನ್ನ ತವರಿನದು, ಅವನಿಗೆ ಅದರ ಮೇಲೆ ಒಂದು ದಿನವೂ ನಿದ್ದೆ ಬಂದಿಲ್ಲವಂತೆ ಅಂದಳು ಇವಳು. ಮಣೆ ಅಂದರೆ ಇಬ್ಬರಿಗೂ ಬೇರೆ ಬೇರೆ ಮಣೆ. ಪೆಟ್ಟಿಗೆ ಅವಳದು, ಮುಟ್ಟಿದರೆ ಬೈಸಿಕೊಳ್ಳಬೇಕು ಅಂದ ಅವನು. ಬಾಗಿಲು ಅಂದರೆ ಪುಟ್ಟಮಾದಪ್ಪನವರೇ ಬೇಡವೆಂದರು. ಬಾಗಿಲನ್ನೇ ಬೇಯಿಸಿಬಿಟ್ಟರೆ, ನಾಳೆ ಸೇರುತ್ತೇವೆ ಅಂದರೆ ಇವರು ಏನು ಹಾಕಿಕೊಂಡು ಮಲಗುತ್ತಾರೆ?

ಕೊನೆಗೆ ಹಿತ್ತಿಲಲ್ಲಿ ಗೋಡೆಗೆ ಒರಗಿದ್ದ ಏಣಿಯನ್ನು ಕಂಡವಳು ರಾಚವ್ವ. ಅವಳು ನನ್ನ ಪಾಕದ ಮನೆಯಲ್ಲಿ ಒಲೆ ನೋಡಿಕೊಳ್ಳುವವಳು, ಯಾರು ಏನಂದರೂ ಹೂಂ ಅನ್ನುವ ಹೆಂಗಸು. ಅವಳಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ಅದಕ್ಕೂ ಸಿಟ್ಟು ಬಂತು. ತೋಪಯ್ಯ ಆ ಏಣಿ ಹೊತ್ತು ಹೋದಲ್ಲೆಲ್ಲ ನನ್ನ ತಂಗಿ ಹಿಂದೆಯೇ ಹೋಗುತ್ತಿದ್ದಳು. ಅವನು ಮೇಲೆ ಹೆಂಚು ಜೋಡಿಸುವಾಗ ಅವಳು ಕೆಳಗೆ ಏಣಿಯ ಬುಡ ಹಿಡಿದು ನಿಲ್ಲುತ್ತಿದ್ದಳು.

"ಹತ್ತೋನು ನಾನು, ಅವ್ಳು ಒಂದು ಮೆಟ್ಲೂ ಹತ್ತಿಲ್ಲ" ಎಂದ ತೋಪಯ್ಯ.

"ಹಿಡಿದೋಳು ನಾನು, ಅವ್ನು ಒಂದು ದಿನವೂ ಹಿಡಿದಿಲ್ಲ" ಎಂದಳು ಹೊನ್ನಾಜಿ.

ಪುಟ್ಟಮಾದಪ್ಪನವರು ಕಣ್ಣು ಮುಚ್ಚಿಕೊಂಡು, "ಒಬ್ಬ ಮೇಲೆ, ಒಬ್ಬಳು ಕೆಳಗೆ, ಮರ ಒಂದೇ. ನಡೀತದೆ, ಎತ್ಕೊಂಡು ಹೋಗಿ" ಎಂದುಬಿಟ್ಟರು. ಊರಿನಲ್ಲಿ ಸೂರು ಮುಟ್ಟುವಂಥ ಏಣಿ ಅದೊಂದೇ ಅನ್ನುವುದು ಆಗ ಯಾರ ತಲೆಗೂ ಬರಲಿಲ್ಲ.

ಗಂಡ ಬೆಳಿಗ್ಗೆ ಬಂದು ಗರಗಸ ಹಾಕಬೇಕು, ಹೆಂಡತಿ ಮಧ್ಯಾಹ್ನ ಬಂದು ಚಕ್ಕೆ ಮಾಡಬೇಕು, ಮುಖ ಮುಖ ನೋಡಬಾರದು, ಇದು ಪದ್ಧತಿ. ತೋಪಯ್ಯ ಬಂದ. ಏಣಿಯನ್ನು ಮಲಗಿಸಿ ನೋಡಿದರೆ ಬುಡದ ಎರಡು ಕಾಲಿಗೂ ಹೊಚ್ಚ ಹೊಸ ಕಬ್ಬಿಣದ ಮೊನೆ. ನನಗೆ ಮೈಯೆಲ್ಲ ಉರಿಯಿತು. ಕಬ್ಬಿಣ ಉಳಿದರೆ ಪಾಕ ಇಂಗುವಷ್ಟರಲ್ಲಿ ಮಸಿಯಾಗುತ್ತದೆ.

"ಯಾವನಯ್ಯಾ ಇದನ್ನ ಹೊಡ್ದೋನು?" ಎಂದೆ.

"ನಾನೇ ಹಾಕಿಸ್ದೆ ಅಕ್ಕ." ಮೊನೆ ಕೀಳುತ್ತಾ ಕೀಳುತ್ತಾ ಅವನ ಬಾಯಿ ಅಷ್ಟಿಷ್ಟು ಬಿಚ್ಚಿತು. "ಆ ಬಿಸಿಲಲ್ಲಿ ನಿಂತು ನಿಂತು ಅವ್ಳಿಗೆ ತಲೆ ಸುತ್ತು ಬರ್ತಿತ್ತು. ಒಂದಿನ ಗೋಡೆಗೆ ಒರಗಿಬಿಟ್ಲು, ಏಣಿ ಮಾತ್ರ ಬಿಡ್ಲಿಲ್ಲ. ನಾನು ಮೇಲಿಂದ ನೋಡ್ತಾ ಇದ್ದೆ, ಜೀವ ಬಾಯಿಗೆ ಬಂತು. ಅದಕ್ಕೇ ಇದನ್ನ ಹಾಕಿಸ್ದೆ. ಏಣಿ ತಾನೇ ನೆಲ ಕಚ್ಕೊಂಡು ನಿಲ್ಲಲಿ, ಇವ್ಳು ಮನೇಲಿ ನೆರಳಲ್ಲಿ ಕೂರ್ಲಿ ಅಂತ."

"ಇದನ್ನ ಅವ್ಳಿಗೆ ಹೇಳ್ದ್ಯಾ?"

"ಹೇಳೋದೇನಕ್ಕ? ಏಣಿ ತಂದು ಮುಂದೆ ನಿಲ್ಲಿಸ್ದೆ. ಇನ್ಮೇಲೆ ನೀನು ಬರೋದು ಬೇಡ ಅಂದೆ."

ನಾನು ಹಣೆ ಹಣೆ ಚಚ್ಚಿಕೊಂಡೆ. "ಅಷ್ಟೇ ಅಂದ್ಯಾ?"

"ಅಷ್ಟೇ. ಇನ್ನೇನು ಅನ್ಬೇಕಿತ್ತು?"

ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಇವನಿಗೆ ದೇವರು ನಾಲಿಗೆಯನ್ನು ಯಾಕೆ ಕೊಟ್ಟನೋ, ಅದರ ಜಾಗದಲ್ಲಿ ಇನ್ನೊಂದು ಹೆಂಚು ಇಟ್ಟಿದ್ದರೂ ಆಗುತ್ತಿತ್ತು.

ಮಧ್ಯಾಹ್ನ ಹೊನ್ನಾಜಿ ಬಂದು ಕೊಡಲಿ ಹಿಡಿದು ಕೂತಳು. ಮೂಲೆಯಲ್ಲಿ ಬಿದ್ದಿದ್ದ ಮೊನೆಗಳನ್ನು ನೋಡಿದವಳೇ ಕೊಡಲಿ ಕೆಳಗಿಟ್ಟಳು. "ಮದ್ವೆ ಆದಾಗಿಂದ ಹಿಡಿದಿದ್ದೀನಿ ಅಕ್ಕ. ಅವ್ನು ಮೇಲಿರೋಷ್ಟು ಹೊತ್ತೂ ಅವ್ನ ಜೀವ ನನ್ನ ಕೈಲಿರ್ತಿತ್ತು. ಯಾರಾದ್ರೂ ಮಾತಾಡ್ಸಿದ್ರೂ ನಾನು ತಿರುಗ್ತಿರ್ಲಿಲ್ಲ. ಒಂದಿನ ಎರಡು ಚೂರು ಕಬ್ಬಿಣ ಬಡಿಸ್ಕೊಂಡು ಬಂದು, ಇನ್ಮೇಲೆ ಬರೋದು ಬೇಡ ಅಂದ. ನನ್ನ ಬೆಲೆ ಅಷ್ಟೇ." ಕಣ್ಣಲ್ಲಿ ನೀರು ತುಂಬಿಕೊಂಡು, ಏಣಿಯ ಮೇಲೆ ಸೇಡು ತೀರಿಸಿಕೊಳ್ಳುವವಳ ಹಾಗೆ ಚಕ್ಕೆ ಮಾಡಿದಳು.

ನನ್ನ ಸ್ಥಿತಿ ನೋಡಿ. ಅವನದೂ ಗೊತ್ತು, ಇವಳದೂ ಗೊತ್ತು. ಎರಡು ಮಾತು ಆಡಿದ್ದರೆ ಸಂಜೆಯೊಳಗೆ ಎಲ್ಲ ಮುಗಿದುಹೋಗುತ್ತಿತ್ತು. ಆಡುವಂತಿಲ್ಲ! ಆಡಿದರೆ ಸಕ್ಕರೆ ನಡೆಯುವುದಿಲ್ಲ, ಸಕ್ಕರೆ ನಡೆಯದಿದ್ದರೆ ಇವರು ಬಿಟ್ಟಂತೆ. ಈ ಕಟ್ಟಳೆ ಮಾಡಿದವನು ಯಾವನೋ, ಅವನಿಗೆ ತಂಗಿ ಇದ್ದಿರಲಾರಳು. ನಾನು ಒಳಗೆ ಹೋಗಿ ಹೆಪ್ಪಿನ ಮಡಕೆಗಳನ್ನು ಬಾಯಿಗೆ ಬಂದಂತೆ ಬೈದೆ. ರಾಚವ್ವ ಹೂಂ ಹೂಂ ಅಂದಳು.

ಬೇಯಿಸುವುದಾದರೂ ಸಲೀಸಾಗಿ ಆಯಿತೇ? ಅದೂ ಇಲ್ಲ. ಏಣಿಯ ಎರಡು ಉದ್ದನೆಯ ಕಾಲುಗಳು ಹೊನ್ನೆ ಮರ, ಮೆಟ್ಟಿಲುಗಳು ಜಾಲಿ. ಒಂದು ಬೆಂದರೆ ಇನ್ನೊಂದು ಬೇಯುವುದಿಲ್ಲ, ಥೇಟ್ ಇವರಿಬ್ಬರ ಹಾಗೆ. ಬೇರೆ ಬೇರೆ ಕಡಾಯಿಯಲ್ಲಿ ಇಟ್ಟೆ. ಕಾರದ ನೀರು ಕಾದದ್ದೇ ತಡ, ಕಡಾಯಿ ತುಂಬ ನೊರೆ. ಉಕ್ಕಿ ಉಕ್ಕಿ ಒಲೆಯೆಲ್ಲ ಆರಿತು. ತೋಪಯ್ಯ ಗೆದ್ದಲು ಹತ್ತದಿರಲೆಂದು ವರ್ಷ ವರ್ಷ ಹೊಂಗೆ ಎಣ್ಣೆ ಕುಡಿಸಿದ್ದನಂತೆ. ಎಣ್ಣೆಗೆ ಕಾರ ಸೇರಿದರೆ ಏನಾಗುತ್ತದೆ? ಸಾಬೂನಾಗುತ್ತದೆ. ನಾನು ತಂಗಿಯ ಸಂಸಾರ ಉಳಿಸುವುದಕ್ಕೆ ಸಕ್ಕರೆ ಮಾಡಲು ಹೊರಟು ಬಟ್ಟೆ ಒಗೆಯುವ ಸಾಬೂನು ಮಾಡುತ್ತಾ ಕೂತಿದ್ದೆ.

ಆ ಜಿಡ್ಡು ಎಷ್ಟು ತೊಳೆದರೂ ಬಿಡಲಿಲ್ಲ. ಅರಿಶಿನ ಹಾಕಿದರೆ ಕೆಂಪು. ತೊಳೆದೆ, ಮತ್ತೆ ಹಾಕಿದೆ, ಕೆಂಪು. ರಾಚವ್ವನ ತೋಳು ಬಿದ್ದುಹೋಯಿತು, ನನ್ನ ಸೊಂಟ ಬಿದ್ದುಹೋಯಿತು. ಹೊನ್ನಾಜಿ ಬಂದು ಬಾಗಿಲಲ್ಲಿ ನಿಂತು, "ಕೆಟ್ರೆ ಕೆಡ್ಲಿ ಬಿಡಕ್ಕ, ನಂಗೇನು" ಎಂದವಳು, ಸೆರಗು ಸಿಕ್ಕಿಸಿಕೊಂಡು ಬಾವಿಯಿಂದ ಕೊಡದ ಮೇಲೆ ಕೊಡ ಸೇದಿ ಸುರಿದಳು. ಅಂಗೈ ಬೊಬ್ಬೆ ಬಂದರೂ ನಿಲ್ಲಿಸಲಿಲ್ಲ. ಅವಳು ಅತ್ತ ಹೋದ ಮೇಲೆ ಇತ್ತ ಗೋಡೆಯ ಮೇಲಿಂದ ತೋಪಯ್ಯನ ತಲೆ ಕಾಣಿಸಿತು.

"ನೀರು ಸರಿ ಆಯ್ತಾ ಅಕ್ಕ?"

"ಆದ್ರೆ ನಿಂಗೇನು, ಹೋದ್ರೆ ನಿಂಗೇನು? ಬಿಡ್ಬೇಕು ಅಂತ ತಾನೇ ಕಟ್ಟೆ ಹತ್ತಿದ್ದು?"

"ಸುಮ್ನೆ ಕೇಳ್ದೆ" ಎಂದು ಅಲ್ಲೇ ನಿಂತುಕೊಂಡ. ಇವಳು ಕೆಡಲಿ ಅನ್ನುತ್ತಾ ನೀರು ಸೇದುವುದು, ಅವನು ಸುಮ್ಮನೆ ಅನ್ನುತ್ತಾ ಬಂದು ಕೇಳುವುದು. ಬಿಡಲು ಹೊರಟವರಿಗೆ ಪಾಕ ಕೂಡುವ ಚಿಂತೆ ಯಾಕೆ ಎಂದು ಒದರಬೇಕು ಅನ್ನಿಸಿ ಗಂಟಲವರೆಗೆ ಬಂದದ್ದನ್ನು ನುಂಗಿದೆ. ನುಂಗಿ ನುಂಗಿ ಹೊಟ್ಟೆಯುಬ್ಬರ ಬಂತು.

ಅಂತೂ ಅರಿಶಿನ ಅರಿಶಿನವಾಗಿಯೇ ಉಳಿಯಿತು. ಮುದ್ದೆ ಹಿಂಡಿ, ಹುಣಿಸೆ ನೀರು ಬಿಟ್ಟು ಹೆಪ್ಪು ಹಾಕಿದೆ. ಮೊದಲು ಏನೂ ಆಗಲಿಲ್ಲ. ಸತ್ತೇಹೋಯಿತು ಎಂದುಕೊಂಡು ಒಲೆಯ ಮುಂದೆ ಕೂತು ಅತ್ತೆ. ಸುಳ್ಳು ಯಾಕೆ ಹೇಳಲಿ, ಮೂಗು ಸೊರಗುಟ್ಟಿಸಿಕೊಂಡು ಚೆನ್ನಾಗಿಯೇ ಅತ್ತೆ. ಸಾಬೂನಿನ ಜಿಡ್ಡಿಗೆ ನನ್ನ ತಂಗಿಯ ಬಾಳು ತೊಳೆದುಹೋಗುತ್ತದಲ್ಲ ಅಂತ. ರಾಚವ್ವ ಸೌಟು ಆಡಿಸುತ್ತಿದ್ದವಳು, "ಚಿಕ್ಕೀರಮ್ಮಾ, ತಿಳಿಯಾಯ್ತು ನೋಡಿ" ಅಂದಳು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಸಿಹಿ. ಆ ಹೆಂಗಸನ್ನು ತಬ್ಬಿಕೊಂಡೆ. ಅದಕ್ಕೂ ಅವಳು ಹೂಂ ಅಂದಳು.

ಕಟ್ಟೆಯ ಪಕ್ಕದಲ್ಲೇ ಮಂಟಪ, ಕಲ್ಲಿನ ಕಂಬ, ಮೇಲೆ ಹೆಂಚಿನ ಸೂರು. ಏಣಿಯ ಸಕ್ಕರೆ ಏನು ಮಾಡಿಸುತ್ತದೆ ಎಂದು ಊಹಿಸಲಾರದಷ್ಟು ದಡ್ಡರಲ್ಲ ನಮ್ಮ ಜನ. ಪುಟ್ಟಮಾದಪ್ಪನವರು ತಮ್ಮನ್ನು ಟವಲ್ಲಿನಿಂದ ಕಂಬಕ್ಕೆ ಕಟ್ಟಿಸಿಕೊಂಡೇ ಕೂತರು. ಇನ್ನೊಬ್ಬ ಹಿರಿಯರು ಹತ್ತುವುದಕ್ಕೆ ಇರಲಿ ಎಂದು ಒಂದು ಕಲ್ಲುಗುಂಡು ಉರುಳಿಸಿಕೊಂಡು ಬಂದು ಪಕ್ಕದಲ್ಲಿ ಇಟ್ಟುಕೊಂಡಿದ್ದರು. ನಾನು ಎಲ್ಲರ ಅಂಗೈಗೂ ಒಂದೊಂದು ಚಮಚ ಹಾಕಿದೆ. ತಂಗಿ ನನ್ನ ಮುಖ ನೋಡಲಿಲ್ಲ. ತೋಪಯ್ಯ ನೋಡಿದ, ಆದರೆ ಮಾತಾಡಲಿಲ್ಲ. ಅವನು ಇನ್ನು ಯಾವಾಗ ಮಾತಾಡುವುದು?

ತಿಂದು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಶುರುವಾಯಿತು. ಹಿರಿಯರು ಗುಂಡು ಹತ್ತಿ ನಿಂತು ಸುತ್ತ ನೋಡತೊಡಗಿದರು. ಪುಟ್ಟಮಾದಪ್ಪನವರ ಕಾಲು ಕೂತಲ್ಲೇ ಮೆಟ್ಟಿಲು ಹುಡುಕಿತು. ತೋಪಯ್ಯ ಎದ್ದವನೇ ಕಂಬ ತಬ್ಬಿಕೊಂಡು ಸರಸರನೆ ಹತ್ತಿ ಸೂರು ಸೇರಿದ. ಹೊನ್ನಾಜಿ ಅವನ ಹಿಂದೆಯೇ ಎದ್ದು ಹೋಗಿ ಕಂಬದ ಬುಡವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ, ತಲೆಯೆತ್ತಿ ನಿಂತಳು. ಮೇಲೆ ಅವನು ಒಡೆದ ಹೆಂಚು ಸರಿಸಿ ಬೇರೆ ಹೆಂಚು ಕೂರಿಸುವ ಸದ್ದು ಕೇಳಿಸಿತು. ಬೇರೆ ದಿನವಾದರೆ ಜನ ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ, ಇಳಿದ ಮೇಲೆ ಆಡುವ ಒಂದು ಮಾತಿಗೆ ಎಲ್ಲರೂ ಕಾದಿದ್ದರು.

ಸ್ವಲ್ಪ ಹೊತ್ತಿಗೆ ಇಳಿಯಿತು. ಹಿರಿಯರು ನಾಚಿಕೊಂಡು ಗುಂಡಿನಿಂದ ಕೆಳಗೆ ಬಂದರು. ಪುಟ್ಟಮಾದಪ್ಪನವರ ಟವಲ್ ಬಿಚ್ಚಿದರು. ಅವರು ಗಂಟಲು ಸರಿಮಾಡಿಕೊಂಡು, "ಹೊನ್ನಾಜಮ್ಮ, ಮುಗೀತು. ಕಂಬ ಬಿಟ್ಟು ಈ ಕಡೆ ಬಾ. ನಿನ್ನ ಮಾತು ಹೇಳು" ಎಂದರು.

"ಅವ್ನು ಇನ್ನೂ ಮೇಲಿದ್ದಾನೆ" ಎಂದಳು.

"ಅದು ಕಲ್ಲುಕಂಬ ಕಣಮ್ಮ. ನೀನು ಹಿಡೀದಿದ್ರೂ ಎಲ್ಲೂ ಹೋಗಲ್ಲ."

"ಅದೆಲ್ಲ ನಂಗೊತ್ತಿಲ್ಲ. ಅವ್ನು ಮೇಲಿದ್ದಾನೆ."

ಇನ್ನು ನನ್ನಿಂದಾಗಲಿಲ್ಲ. ಸಕ್ಕರೆ ನಾಲಿಗೆಗೆ ಬಿದ್ದಾಯಿತು, ಕಟ್ಟಳೆ ಮುಗಿಯಿತು, ನನ್ನ ಬಾಯಿ ಈಗ ನನ್ನದು! ಅಷ್ಟು ದಿನ ನುಂಗಿದ್ದನ್ನೆಲ್ಲ ಕಟ್ಟೆಯ ಮುಂದೆ ಕಾರಿಕೊಂಡೆ. "ಲೇ ಹೊನ್ನಾಜಿ, ನಿಂಗೆ ತಲೆ ಸುತ್ತು ಬರ್ತದೆ ಅಂತ ಕಣೇ ಅವ್ನು ಆ ಕಬ್ಬಿಣ ಹಾಕ್ಸಿದ್ದು! ನೀನು ಬೇಡ ಅಂತಲ್ಲ, ನೀನು ನೆರಳಲ್ಲಿ ಕೂರ್ಲಿ ಅಂತ! ಆ ಮೂಕ ಬಸವ ಅದನ್ನ ಹೇಳ್ಲಿಲ್ಲ, ನೀನು ಕೇಳ್ಲಿಲ್ಲ, ನಡುವೆ ನನ್ನ ಪ್ರಾಣ ತಿಂದ್ರಿ!"

ಅವಳು ತಲೆ ತಿರುಗಿಸದೆಯೇ, "ಗೊತ್ತು ಕಣಕ್ಕ" ಎಂದಳು.

"ಗೊತ್ತಾ? ಯಾ‌ವಾಗಿಂದ?"

"ಅವ್ನು ಮೊನೆ ಹಾಕಿಸ್ಕೊಂಡು ಬಂದ ದಿನದಿಂದ. ನನ್ನ ತಲೆ ಸುತ್ತಿಗಲ್ದೆ ಅವ್ನು ಇನ್ನೇತಕ್ಕೆ ಹಾಕಿಸ್ತಾನೆ?"

"ಮತ್ತೆ ಏನೇ ನಿನ್ನ ರೋಗ?"

"ಹಿಡ್ಕೋಬೇಕಾ ಬೇಡ್ವಾ ಅಂತ ನನ್ನ ಒಂದು ಮಾತು ಕೇಳ್ಬೇಕಿತ್ತು. ಅವ್ನೇ ಬೇಡ ಅಂದ್ಬಿಟ್ಟ." ಕಂಬವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. "ತಲೆ ಸುತ್ತಿದ್ರೆ ಸುತ್ಲಿ. ಅದು ನನ್ನ ಕೆಲ್ಸ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಸಾಬೂನಿನ ನೊರೆ, ಅರಿಶಿನ, ಬಾವಿಯ ನೀರು, ನನ್ನ ಸೊಂಟ ಎಲ್ಲ ಕಣ್ಣ ಮುಂದೆ ಬಂತು. ಅವಳನ್ನು ಹಿಡಿದು ನಾಲ್ಕು ಬಾರಿಸಬೇಕೋ, ಅವಳ ಜೊತೆ ಅಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ತೋಪಯ್ಯ ಸೂರಿನ ಅಂಚಿಗೆ ಬಂದು ಬಗ್ಗಿ ನೋಡಿದ. ಹತ್ತುವಾಗ ಇದ್ದ ಸಕ್ಕರೆ ಈಗ ಮೈಯಲ್ಲಿ ಇರಲಿಲ್ಲ. ಕಂಬ ನುಣ್ಣಗಿತ್ತು, ನೆಲ ದೂರವಿತ್ತು.

"ಏಣಿ ಎಲ್ಲಿ?" ಎಂದ.

"ನಿನ್ನ ಹೊಟ್ಟೇಲಿ ಕಣಯ್ಯಾ!" ಎಂದೆ ನಾನು. ಆಗ ಜನಕ್ಕೆ ನಗು ತಡೆಯಲಾಗಲಿಲ್ಲ. ಪುಟ್ಟಮಾದಪ್ಪನವರೂ ನಕ್ಕರು. ಹೊನ್ನಾಜಿ ಒಬ್ಬಳು ನಗಲಿಲ್ಲ. ಅವನೂ ನಗಲಿಲ್ಲ. ಜೀವಮಾನವೆಲ್ಲ ಸೂರಿನ ಮೇಲೇ ಕಳೆದ ಮನುಷ್ಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆವರು ಒರೆಸಿಕೊಂಡು, ಕೆಳಗಿದ್ದ ಅವಳನ್ನೇ ನೋಡಿದ. ಹೆಂಚಿನ ಮೇಲೆ ನಮ್ಮ ಮಾತು ಅವನಿಗೆ ಕೇಳಿಸಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ. ಕೇಳಿದರೂ ಅವನು ಹೇಳುವವನಲ್ಲ.

"ಹೊನ್ನಾಜಿ."

"ಏನು?"

ಅವನು ಅಂಚಿನ ಹೆಂಚೊಂದನ್ನು ಒತ್ತಿ ಸರಿಮಾಡಿದ. ನಾನು ಕೂತಲ್ಲೇ ಮುಷ್ಟಿ ಬಿಗಿ ಹಿಡಿದಿದ್ದೆ. ಈಗಲೂ ಬಾಯಿ ಬಿಡದಿದ್ದರೆ ಕಲ್ಲು ತೆಗೆದುಕೊಂಡು ಹೊಡೆಯುವವಳಿದ್ದೆ.

"ಹಿಡ್ಕೋತೀಯಾ?"

"ಹಿಡ್ಕೊಂಡೇ ಇದ್ದೀನಿ" ಎಂದಳು ನನ್ನ ತಂಗಿ. "ಇಳಿ."

ಅವನು ಕಾಲು ಕೆಳಕ್ಕೆ ಬಿಟ್ಟ.